ಪುಣೆಯ ಫ್ಲ್ಯಾಟಿನಲ್ಲಿ ಇದ್ದುಕೊಂಡು ಎಲೆಕ್ಟ್ರಿಕ್ ಕಾರು ಇಟ್ಟುಕೊಂಡರೆ ಏನೇನು ತೊಂದರೆ?

ವಾಕಡಿನಲ್ಲಿ ಫ್ಲ್ಯಾಟು, ಹಿಂಜೆವಾಡಿಯಲ್ಲಿ ಆಫೀಸು, ಹಬ್ಬಕ್ಕೆ ಹುಬ್ಬಳ್ಳಿ ಅಂತ ಬರೆದಿದ್ದೀರಿ. ನನ್ನದೂ ಹೆಚ್ಚುಕಮ್ಮಿ ಅದೇ ಕಥೆ, ಊರು ಮಾತ್ರ ಧಾರವಾಡ. ಕಾರು ಓಡಿಸುವುದರಲ್ಲಿ ತಕರಾರಿಲ್ಲ. ತಲೆನೋವು ಶುರುವಾಗುವುದು ಪಾರ್ಕಿಂಗಿನಲ್ಲಿ.

ಮೀಟರ್ ರೂಮಿನಿಂದ ನಿಮ್ಮ ಜಾಗದವರೆಗೆ ಕೇಬಲ್ ಎಳೆಯಬೇಕು. ಅದಕ್ಕೆ ಸೊಸೈಟಿಯ ಎನ್‌ಒಸಿ, ಅಂದರೆ ‘ನಮ್ಮ ಆಕ್ಷೇಪಣೆ ಇಲ್ಲ’ ಅನ್ನುವ ಒಪ್ಪಿಗೆ ಪತ್ರ ಬೇಕು. ನಮ್ಮ ಮೀಟಿಂಗಿನಲ್ಲಿ ಒಬ್ಬರು ‘ಬೆಂಕಿ ಹತ್ತಿದರೆ ಜವಾಬ್ದಾರಿ ಯಾರದ್ದು’ ಅಂದರು. ಇನ್ನೊಬ್ಬರು ‘ನಾಳೆ ಎಲ್ಲರೂ ಕೇಳಿದರೆ ಲೋಡ್ ಎಲ್ಲಿಂದ ತರುವುದು’ ಅಂದರು. ಎರಡನೆಯದು ನ್ಯಾಯವಾದ ಪ್ರಶ್ನೆಯೇ, ಹಳೆಯ ಕಟ್ಟಡಗಳ ವೈರಿಂಗ್ ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದ್ದಲ್ಲ. ನಿಮ್ಮದು ಮೇಲೆ ಕೆಳಗೆ ಕಾರು ಜೋಡಿಸುವ ಸ್ಟ್ಯಾಕ್ ಪಾರ್ಕಿಂಗ್ ಆಗಿದ್ದರೆ ಇನ್ನೂ ಕಷ್ಟ. ಒಪ್ಪಿಗೆ ಕೈಗೆ ಬರುವ ಮೊದಲು ಕಾರು ಬುಕ್ ಮಾಡಬೇಡಿ. ‘ನೋಡೋಣ’ ಅನ್ನುವ ಸೆಕ್ರೆಟರಿಯನ್ನು ನಂಬಿ ಕೂರಬೇಡಿ.

ಕರೆಂಟ್ ಬಿಲ್ಲಿನ ವಿಷಯ ಶೋರೂಮಿನಲ್ಲಿ ಸರಿಯಾಗಿ ಹೇಳುವುದಿಲ್ಲ. ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಅಂತ ಹಿಡಿಯಿರಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 140-150 ಯೂನಿಟ್. ಇದನ್ನು ಮನೆಯ ಮೀಟರಿಗೇ ಸೇರಿಸಿದರೆ ನೀವು 300 ಯೂನಿಟ್ ದಾಟಿ ಮುಂದಿನ ಸ್ಲ್ಯಾಬಿಗೆ ಬೀಳಬಹುದು, ಅಲ್ಲಿ ದರ ಜಾಸ್ತಿ. ಮಹಾರಾಷ್ಟ್ರದಲ್ಲಿ ಎಲೆಕ್ಟ್ರಿಕ್ ಗಾಡಿಗಳ ಚಾರ್ಜಿಂಗಿಗೆ ಬೇರೆ ದರ ಇದೆ. ಸ್ವಲ್ಪ ಓಡಾಡಬೇಕಾದರೂ ಬೇರೆ ಮೀಟರ್ ಹಾಕಿಸಿಕೊಳ್ಳಿ. ಸಾದಾ 15 ಆಂಪಿಯರ್ ಪ್ಲಗ್ಗಿನಲ್ಲಿ 30 ಯೂನಿಟ್ ಬ್ಯಾಟರಿ ತುಂಬಲು 10 ಗಂಟೆ ಬೇಕು. ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಅರ್ಧ ಬ್ಯಾಟರಿಯಲ್ಲೇ ಆಫೀಸಿಗೆ.

ಇನ್ನು ಹುಬ್ಬಳ್ಳಿ. ಪುಣೆಯಿಂದ ಸುಮಾರು 430 ಕಿ.ಮೀ. ಕಂಪನಿ ಹೇಳುವ ರೇಂಜಿನಲ್ಲಿ, ಅಂದರೆ ಒಂದು ಸಲ ತುಂಬಿಸಿದರೆ ಓಡುವ ದೂರದಲ್ಲಿ, ಮೂರನೇ ಒಂದು ಭಾಗ ಕಳೆದುಬಿಡಿ. ಹೈವೇಯಲ್ಲಿ 100ರ ವೇಗ, ಎಸಿ, ಖಂಬಾಟ್ಕಿ ಘಾಟ್, ಎಲ್ಲಾ ಸೇರಿ ತಿಂದುಹಾಕುತ್ತವೆ. ಸಾತಾರಾ, ಕರಾಡ್, ಕೊಲ್ಲಾಪುರದ ಕಡೆ ಫಾಸ್ಟ್ ಚಾರ್ಜರ್ ಇವೆ. ಆದರೆ ಇರುವುದು ಬೇರೆ, ನಡೆಯುವುದು ಬೇರೆ. ಒಂದು ಸಲ ಕರಾಡಿನ ಹತ್ತಿರ ಚಾರ್ಜರಿನ ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಚುಚ್ಚಿದೆ, ಆ್ಯಪಿನಲ್ಲಿ ದುಡ್ಡು ಕಟ್ ಆಯಿತು, ಚಾರ್ಜಿಂಗ್ ಮಾತ್ರ ಶುರುವಾಗಲಿಲ್ಲ. ಹೆಲ್ಪ್‌ಲೈನಿನ ಹುಡುಗ ಎಲ್ಲಿಂದಲೋ ಮಷಿನ್ ರೀಸ್ಟಾರ್ಟ್ ಮಾಡಿದ. ಆಮೇಲೂ ಗನ್ ಕಾರಿನಿಂದ ಬಿಡಿಸಲು ಬರಲಿಲ್ಲ, ಲಾಕ್ ಆಗಿ ಕೂತಿತ್ತು. ಹಿಂದೆ ಕಾಯುತ್ತಿದ್ದವರು ಇಳಿದು ಬಂದು ಸಲಹೆ ಕೊಡಲು ಶುರು ಮಾಡಿದರು! ಹಾಗಾಗಿ ಎರಡು ಮೂರು ಆ್ಯಪ್ ಇಟ್ಟುಕೊಳ್ಳಿ, ಬ್ಯಾಟರಿ ಶೇ. 25ಕ್ಕೆ ಇಳಿಯುವ ಮೊದಲೇ ಚಾರ್ಜಿಂಗಿಗೆ ನಿಲ್ಲಿಸಿ. ಶೇ. 80ರ ಮೇಲೆ ತುಂಬುವ ವೇಗ ಬಿದ್ದುಹೋಗುತ್ತದೆ, ಅಷ್ಟಕ್ಕೇ ಸಾಕು ಮಾಡಿ ಹೊರಡಿ. ಗಣೇಶ ಚೌತಿ, ದೀಪಾವಳಿಗೆ ಎಲ್ಲರೂ ಊರಿಗೆ ಹೊರಟಿರುತ್ತಾರೆ, ಕ್ಯೂ ಇದ್ದೇ ಇರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಕಾಯುವಿಕೆ ಸುಮ್ನೆ ಹಿಂಸೆ.

ಮುಂದೆ ಕಾರು ಮಾರುವಾಗ ಪೆಟ್ರೋಲ್ ಕಾರಿನಷ್ಟು ಬೆಲೆ ಬರುವುದಿಲ್ಲ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದ್ದರೂ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅನುಮಾನದಿಂದಲೇ ನೋಡುತ್ತಾರೆ. ಕಾರು ಭಾರ, ಟೈರ್ ಬೇಗ ಸವೆಯುತ್ತದೆ. ಹಲವು ಮಾಡೆಲ್‌ಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಪಂಕ್ಚರ್ ಕಿಟ್ ಕೊಟ್ಟು ಕಳಿಸುತ್ತಾರೆ. ಟೆಸ್ಟ್ ಡ್ರೈವ್ ದಿನ ಡಿಕ್ಕಿ ತೆಗೆಸಿ ನೋಡಿ.