ದೀಪದ ಸರ್ಕ್ಯೂಟ್ ಎಷ್ಟು ಹೊರೆ ತಡೆಯುತ್ತದೆ?

ಪ್ರಶ್ನೆ: ನಮ್ಮ ಮನೆಯ ಹಜಾರ ಮತ್ತು ಎರಡು ಕೋಣೆಗಳ ದೀಪ, ಫ್ಯಾನುಗಳೆಲ್ಲ ಒಂದೇ 6 ಆಂಪಿಯರ್ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಸರ್ಕ್ಯೂಟನ್ನು ಕಡಿಯುವ ಸ್ವಿಚ್) ಮೇಲಿವೆ. ಈಗ ಫಾಲ್ಸ್ ಸೀಲಿಂಗ್ ಮಾಡಿಸಿ, ತಲಾ 12 ವಾಟ್‌ನ 24 ಎಲ್‌ಇಡಿ ದೀಪಗಳನ್ನು ಅದೇ ಸರ್ಕ್ಯೂಟಿಗೆ ಸೇರಿಸಬೇಕೆಂದಿದ್ದೇವೆ. ಹಳೆಯ ತಂತಿ ಇಷ್ಟನ್ನು ತಡೆದೀತೇ?

ಉತ್ತರ: ತಂತಿ 1.5 ಚದರ ಮಿಲಿಮೀಟರಿನ ತಾಮ್ರದ್ದಾಗಿದ್ದು, ಜೋಡಣೆಗಳು ಬಿಗಿಯಾಗಿದ್ದರೆ ಖಂಡಿತ ತಡೆಯುತ್ತದೆ. 230 ವೋಲ್ಟ್ ಪೂರೈಕೆಯಲ್ಲಿ 6 ಆಂಪಿಯರ್ ಎಂದರೆ 1,380 ವಾಟ್. ನಿಮ್ಮ 24 ದೀಪಗಳು ಸೇರಿ ಬಳಸುವುದು 288 ವಾಟ್ ಮಾತ್ರ; ಅದನ್ನು 230ರಿಂದ ಭಾಗಿಸಿದರೆ 1.25 ಆಂಪಿಯರ್ ಬರುತ್ತದೆ. ಆದರೆ ಈ ಭಾಗಾಕಾರವನ್ನು ಹಾಗೆಯೇ ನಂಬುವಂತಿಲ್ಲ. ಅಗ್ಗದ ಎಲ್‌ಇಡಿ ದೀಪಗಳ ಪವರ್ ಫ್ಯಾಕ್ಟರ್ (ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧದಲ್ಲಿ ನಿಜವಾದ ವಾಟ್‌ನ ಪಾಲು) 0.5ರ ಆಸುಪಾಸಿನಲ್ಲಿರುವುದುಂಟು, ಅಂಥವು ವಾಟ್ ಲೆಕ್ಕ ಸೂಚಿಸುವುದರ ಎರಡರಷ್ಟು ಕರೆಂಟನ್ನು ತಂತಿಯಿಂದ ಎಳೆಯುತ್ತವೆ. ಆದ್ದರಿಂದ ದೀಪಗಳಿಗೆ 2.5 ಆಂಪಿಯರ್ ಎಂದೇ ಹಿಡಿಯೋಣ. ತಲಾ 75 ವಾಟ್‌ನ ನಾಲ್ಕು ಫ್ಯಾನುಗಳಿದ್ದರೆ ಇನ್ನೊಂದು 1.3 ಆಂಪಿಯರ್ ಕೂಡುತ್ತದೆ. ಈಗಿರುವ ಒಂದೆರಡು ಟ್ಯೂಬ್‌ಲೈಟ್‌ಗಳನ್ನು ಸೇರಿಸಿದರೂ ಒಟ್ಟು ಹೊರೆ ನಾಲ್ಕೂವರೆ ಆಂಪಿಯರ್ ದಾಟುವುದಿಲ್ಲ. ಅದೇ 24 ಜಾಗಗಳಲ್ಲಿ 60 ವಾಟ್‌ನ ಹಳೆಯ ಕಾಲದ ಬಲ್ಬುಗಳಿದ್ದಿದ್ದರೆ ಅವುಗಳ ಹೊರೆಯೇ 1,440 ವಾಟ್ ಆಗಿ, ಫ್ಯಾನು ತಿರುಗುವ ಮೊದಲೇ ಮಿತಿ ಮುಗಿದಿರುತ್ತಿತ್ತು.

ಎಂಸಿಬಿಯ ಮೇಲೆ ಬರೆದ ಸಂಖ್ಯೆಯನ್ನು ನಿರ್ಧರಿಸುವುದು ಗೋಡೆಯೊಳಗಿನ ತಂತಿ ಎಂಬುದನ್ನು ಗಮನಿಸಬೇಕು. ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತದೆ; ಸಾಮಾನ್ಯ ಪಿವಿಸಿ ಹೊದಿಕೆಯ ತಂತಿಯಲ್ಲಿ ತಾಮ್ರದ ಉಷ್ಣಾಂಶ ನಿರಂತರವಾಗಿ 70 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಒಂದೇ ಪೈಪಿನಲ್ಲಿ ಹತ್ತಾರು ತಂತಿಗಳನ್ನು ತುರುಕಿದ್ದರೆ, ಅಥವಾ ಪೈಪು ಬಿಸಿಲಿಗೆ ಕಾದ ಛಾವಣಿಯ ಕೆಳಗೆ ಹಾದುಹೋಗಿದ್ದರೆ, ಒಳಗಿನ ಶಾಖ ಹೊರಹೋಗಲಾರದೆ ಅದೇ ತಂತಿಯ ಸಾಮರ್ಥ್ಯ ಗಣನೀಯವಾಗಿ ಇಳಿಯುತ್ತದೆ. ತಂತಿಯ ಅಳತೆಯನ್ನು ಊಹಿಸುವ ಅಗತ್ಯವಿಲ್ಲ, ಹೊದಿಕೆಯ ಮೇಲೆ ಸಾಮಾನ್ಯವಾಗಿ ಅದನ್ನು ಮುದ್ರಿಸಿರುತ್ತಾರೆ. ಮೇನ್ ಸ್ವಿಚ್ ಆರಿಸಿ, ಸ್ವಿಚ್‌ಬೋರ್ಡ್ ಬಿಚ್ಚಿಸಿದಾಗ ನೋಡಿಸಿಕೊಳ್ಳಿ.

ಲೆಕ್ಕ ಸರಿಯಾಗಿದ್ದರೂ ನಿಮಗೆ ಒಂದು ತೊಂದರೆ ಎದುರಾಗಬಹುದು. ಎಲ್‌ಇಡಿ ದೀಪದ ಡ್ರೈವರಿನಲ್ಲಿರುವ (ದೀಪಕ್ಕೆ ತಕ್ಕಂತೆ ಕರೆಂಟನ್ನು ಮಾರ್ಪಡಿಸಿ ಕೊಡುವ ಭಾಗ) ಕೆಪ್ಯಾಸಿಟರ್, ಸ್ವಿಚ್ ಹಾಕಿದ ಕ್ಷಣದಲ್ಲಿ ತುಂಬಿಕೊಳ್ಳಲು ದೊಡ್ಡ ಕರೆಂಟನ್ನು ಸೆಳೆಯುತ್ತದೆ. ಅದು ಸೆಕೆಂಡಿನ ಒಂದು ಸಾವಿರಾಂಶಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿದುಹೋಗುವುದರಿಂದ ತಂತಿಗೆ ಅಪಾಯವಿಲ್ಲ. ಆದರೆ 24 ಡ್ರೈವರುಗಳು ಒಮ್ಮೆಗೇ ಸೆಳೆದರೆ, ಗೊತ್ತುಪಡಿಸಿದ ಕರೆಂಟಿನ ಮೂರರಿಂದ ಐದು ಪಟ್ಟಿಗೇ ತಕ್ಷಣ ಬೀಳುವ ‘ಬಿ’ ವರ್ಗದ ಎಂಸಿಬಿ ಕಾರಣವಿಲ್ಲದೆ ಬಿದ್ದೀತು. ಸ್ವಿಚ್ಚಿನ ಸಂಪರ್ಕಬಿಂದುಗಳೂ ಕ್ರಮೇಣ ಸುಟ್ಟು ಅಂಟಿಕೊಳ್ಳಬಹುದು. ದೀಪಗಳನ್ನು ಮೂರು ನಾಲ್ಕು ಸ್ವಿಚ್ಚುಗಳಿಗೆ ಹಂಚುವುದು ಸುಲಭದ ಪರಿಹಾರ.

ಮುಂದೆ ಸರ್ಕ್ಯೂಟನ್ನೇ ಎರಡಾಗಿ ಒಡೆಯುವುದಾದರೆ ನ್ಯೂಟ್ರಲ್ ತಂತಿಯನ್ನೂ ಪ್ರತ್ಯೇಕವಾಗಿ ಎಳೆಸಿ. ಎರಡು ಎಂಸಿಬಿ ಹಾಕಿ, ವಾಪಸು ಬರುವ ನ್ಯೂಟ್ರಲ್ ಮಾತ್ರ ಒಂದೇ ಇಟ್ಟರೆ, ಒಂದೇ ಫೇಸಿನ ಎರಡೂ ಸರ್ಕ್ಯೂಟುಗಳ ಕರೆಂಟ್ ಆ ಒಂದು ತಂತಿಯಲ್ಲಿ ಕೂಡಿ ಹರಿಯುತ್ತದೆ, ಮತ್ತು ಆ ಮೊತ್ತವನ್ನು ಯಾವ ಎಂಸಿಬಿಯೂ ಅಳೆಯುವುದಿಲ್ಲ. ತಂತಿ ಉಳಿಸಲು ಮಾಡುವ ಈ ಕೆಲಸ, ನನ್ನ ಅಭಿಪ್ರಾಯದಲ್ಲಿ, ದೀಪಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಎಷ್ಟೋ ಅಪಾಯಕಾರಿ.

ಪ್ರಶ್ನೆ: ದೀಪದ ಬೋರ್ಡಿನಲ್ಲಿರುವ ಪ್ಲಗ್ಗಿಗೆ 1,000 ವಾಟ್‌ನ ಇಸ್ತ್ರಿಪೆಟ್ಟಿಗೆ ಹಾಕಿದರೆ 6 ಆಂಪಿಯರ್ ಎಂಸಿಬಿ ಒಮ್ಮೊಮ್ಮೆ ಬೀಳುತ್ತದೆ, ಒಮ್ಮೊಮ್ಮೆ ಬೀಳುವುದೇ ಇಲ್ಲ. ಎಂಸಿಬಿ ಕೆಟ್ಟಿದೆಯೇ? 16 ಆಂಪಿಯರಿನದು ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ.

ಉತ್ತರ: ನಿಮ್ಮ ಎಂಸಿಬಿ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಮನೆಬಳಕೆಯ ಎಂಸಿಬಿಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಗೊತ್ತುಪಡಿಸಿದ ಕರೆಂಟಿನ 1.13 ಪಟ್ಟು ಹರಿದರೆ ಅದು ಒಂದು ಗಂಟೆಯೊಳಗೆ ಬೀಳಕೂಡದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಇವೆರಡರ ನಡುವೆ ಅದು ಯಾವಾಗ ಬೇಕಾದರೂ ಬೀಳಬಹುದು. 6 ಆಂಪಿಯರಿಗೆ ಈ ಅಂಕಿಗಳು ಸುಮಾರು 6.8 ಮತ್ತು 8.7. ಇಸ್ತ್ರಿಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಆಗ ಉರಿಯುತ್ತಿರುವ ದೀಪ ಫ್ಯಾನುಗಳು ಮೂರು ಆಂಪಿಯರ್ ಎಳೆಯುತ್ತಿದ್ದರೆ ಮೊತ್ತ 7.3 ಆಗಿ, ಸರಿಯಾಗಿ ಆ ಅನಿಶ್ಚಿತ ವಲಯಕ್ಕೆ ಬೀಳುತ್ತದೆ. ಎರಡು ಫ್ಯಾನು ಆರಿಸಿದ ದಿನ ಅದು ಸುಮ್ಮನಿರುವುದು ಇದೇ ಕಾರಣಕ್ಕೆ. ಅಲ್ಲದೆ ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್ ಆಗಾಗ ಕರೆಂಟನ್ನು ಕಡಿಯುವುದರಿಂದ ಎಂಸಿಬಿಯ ಒಳಗಿನ, ಕಾದು ಬಾಗಿ ಅದನ್ನು ಬೀಳಿಸುವ ಲೋಹದ ಪಟ್ಟಿಗೆ ತಣಿಯಲು ಬಿಡುವು ಸಿಗುತ್ತದೆ.

16 ಆಂಪಿಯರಿನ ಸಲಹೆಯನ್ನು ಒಪ್ಪಬೇಡಿ. ಅದೇ 1.45ರ ಲೆಕ್ಕ ಹಿಡಿದರೆ ಅಂಥ ಎಂಸಿಬಿ 23 ಆಂಪಿಯರನ್ನು ಹತ್ತಿರ ಹತ್ತಿರ ಒಂದು ಗಂಟೆಯವರೆಗೆ ಹರಿಯಗೊಡಬಹುದು. ದೀಪಕ್ಕೆಂದು ಎಳೆದ 1 ಅಥವಾ 1.5 ಚದರ ಮಿಲಿಮೀಟರಿನ ತಂತಿ, ಅದರಲ್ಲೂ ತುಂಬಿದ ಪೈಪಿನೊಳಗೆ, ಅದನ್ನು ತಾಳಲಾರದು. ಎಂಸಿಬಿ ಬೀಳುವುದು ನಿಲ್ಲುತ್ತದೆ, ನಿಜ. ಕಾವನ್ನು ತಂತಿಯೇ ನುಂಗಬೇಕಾಗುತ್ತದೆ. ತಂತಿ 1.5 ಚದರ ಮಿಲಿಮೀಟರಿನ ತಾಮ್ರದ್ದೆಂದು ಖಚಿತವಾಗಿ, ಸ್ವಿಚ್ಚುಗಳೂ ಆ ಹೊರೆಗೆ ತಕ್ಕವಾಗಿದ್ದರೆ 10 ಆಂಪಿಯರ್‌ವರೆಗೆ ಹೋಗಬಹುದು. ಇಸ್ತ್ರಿಪೆಟ್ಟಿಗೆಗೆ 2.5 ಚದರ ಮಿಲಿಮೀಟರಿನ ಪ್ರತ್ಯೇಕ ಪವರ್ ಸರ್ಕ್ಯೂಟ್ ಇರುವುದೇ ಸರಿಯಾದ ದಾರಿ. ನೀರು ಕಾಯಿಸುವ 1,500 ವಾಟ್‌ನ ರಾಡನ್ನಂತೂ ದೀಪದ ಬೋರ್ಡಿಗೆ ಹಾಕಲೇಬೇಡಿ, ಅದೊಂದೇ 6.5 ಆಂಪಿಯರ್ ಎಳೆಯುತ್ತದೆ.

ಪ್ರಶ್ನೆ: ನಮ್ಮ ದೀಪದ ಸರ್ಕ್ಯೂಟಿನ ಹೊರೆ 5 ಆಂಪಿಯರ್ ಮೀರುವುದಿಲ್ಲ, ಎಂಸಿಬಿಯೂ ಬೀಳುವುದಿಲ್ಲ. ಆದರೂ ಒಂದು ಸ್ವಿಚ್‌ಬೋರ್ಡ್ ಬಿಸಿಯಾಗಿ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಏಕೆ?

ಉತ್ತರ: ಯಾವುದೋ ಒಂದು ತಿರುಪು ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ಸಡಿಲ ಜೋಡಣೆಯಲ್ಲಿ ಅರ್ಧ ಓಮ್‌ನಷ್ಟು ಪ್ರತಿರೋಧ ಹುಟ್ಟಿಕೊಂಡಿತೆಂದರೆ, 5 ಆಂಪಿಯರ್ ಹರಿಯುವಾಗ ಅಲ್ಲಿ 12.5 ವಾಟ್ ಶಾಖ ಉಂಟಾಗುತ್ತದೆ. ಇದು ಉದ್ದಕ್ಕೂ ತಂತಿಯಲ್ಲಿ ಹಂಚಿಹೋದರೆ ಏನೂ ಅಲ್ಲ. ಆದರೆ ತಿರುಪಿನ ತಲೆಯಷ್ಟು ಜಾಗದಲ್ಲಿ ಸೇರಿಕೊಂಡಾಗ, ಸಣ್ಣ ಸೋಲ್ಡರಿಂಗ್ ಕಡ್ಡಿಯೊಂದನ್ನು ಬೋರ್ಡಿನೊಳಗೆ ಹಚ್ಚಿಟ್ಟಂತಾಗುತ್ತದೆ. ಎಂಸಿಬಿ ನೋಡುವುದು ಕರೆಂಟನ್ನು ಮಾತ್ರ. ಕರೆಂಟ್ ಹೆಚ್ಚಿಲ್ಲವಾದ್ದರಿಂದ ಅದು ಅಲುಗಾಡುವುದಿಲ್ಲ. ತಾಮ್ರಕ್ಕೆ ಅಲ್ಯೂಮಿನಿಯಂ ತಂತಿಯನ್ನು ನೇರವಾಗಿ ಹೆಣೆದಿದ್ದ ಹಳೆಯ ಮನೆಗಳಲ್ಲಿ ಇದು ಇನ್ನೂ ಬೇಗ ಕೆಡುತ್ತದೆ.

ಆ ಬೋರ್ಡಿನ ಬಳಕೆಯನ್ನು ಇಂದೇ ನಿಲ್ಲಿಸಿ, ಅದರ ಎಂಸಿಬಿ ಆರಿಸಿ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ತಿರುಪನ್ನು ಬಿಗಿ ಮಾಡಿಬಿಟ್ಟರೆ ಸಾಲದು: ಕಪ್ಪಾಗಿರುವ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊದಿಕೆ ಗಡುಸಾಗಿದ್ದರೆ ಅಷ್ಟು ಉದ್ದವನ್ನು ಬದಲಿಸಿ, ಸುಟ್ಟ ಸ್ವಿಚ್ಚನ್ನು ತೆಗೆದು ಹೊಸದನ್ನು ಕೂಡಿಸುವಂತೆ ಹೇಳಿ.