ಓದುಗರ ಪ್ರಶ್ನೆ: ನೀರಿನಡಿಗೆ ಎಂಥ ಟಾರ್ಚ್?

ಪ್ರಶ್ನೆ: ನೇತ್ರಾಣಿಯಲ್ಲಿ ಡೈವಿಂಗ್ ಕಲಿತೆ. ಈಗ ರಾತ್ರಿ ಡೈವ್‌ಗೆ ಅಂಡಮಾನಿಗೆ ಹೊರಟಿದ್ದೇನೆ. ಮುಖ್ಯ ಟಾರ್ಚ್ 5000 ಲ್ಯೂಮೆನ್ (ಬೆಳಕಿನ ಅಳತೆ) ಇರಲೇಬೇಕಾ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬೇಡ ಮಾರಾಯ್ರೆ. ನಾನು ಚಿತ್ರದುರ್ಗದವನು. ಜೋಗಿಮಟ್ಟಿಯ ಮಂಜಿನಲ್ಲಿ ಬೈಕಿನ ಹೈ ಬೀಮ್ ಹಾಕಿ ನೋಡಿದ್ದೀರಾ? ಕಣ್ಣ ಮುಂದೆ ಬರೀ ಬಿಳಿ ಗೋಡೆ. ಕದಡಿದ ನೀರಲ್ಲೂ ಅಗಲವಾಗಿ ಹರಡುವ ಬೆಳಕು ಹಾಗೇ ಮಾಡುತ್ತದೆ. ಅಗಲ ಬೆಳಕು ವಿಡಿಯೋ ಮಾಡುವವರಿಗೆ ಸರಿ. ನಿಮಗೆ 1000 ಲ್ಯೂಮೆನ್ ಆಸುಪಾಸು, 10 ಡಿಗ್ರಿಯೊಳಗಿನ ಕಿರಿದಾದ ಬೀಮ್ ಸಾಕು. ಜೊತೆಗಾರನಿಗೆ ಸನ್ನೆ ಮಾಡಲೂ ಅದೇ ವಾಸಿ. ಪೂರ್ತಿ ಬೆಳಕಿನಲ್ಲಿ ಎಷ್ಟು ನಿಮಿಷ ಉರಿಯುತ್ತದೆ ಅಂತ ಕೇಳಿ. ಒಂದು ಗಂಟೆಗಿಂತ ಕಡಿಮೆ ಅಂದರೆ ವಾಪಸ್ ಇಡಿ.

ನನ್ನ ಮೊದಲ ಟಾರ್ಚ್ ಸತ್ತಿದ್ದು ಒಂದೇ ಒಂದು ಕೂದಲಿನಿಂದ! ನೀರು ಒಳಗೆ ಬಾರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಕೂತಿತ್ತು, ನೀರು ನುಗ್ಗಿತು. ಅದಕ್ಕೇ ಎರಡು ಓ-ರಿಂಗ್ ಇರುವುದನ್ನೇ ಕೊಳ್ಳಿ. ಬ್ಯಾಟರಿ ಹಾಕುವಾಗ ಓ-ರಿಂಗ್ ಒರೆಸಿ, ಅದಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ. ದೋಣಿಯಲ್ಲಿ ಸುಮ್ನೆ ಉರಿಸಿ ತೋರಿಸಬೇಡಿ, ನೀರಿನ ತಂಪಿಲ್ಲದೆ ಜಾಸ್ತಿ ಬಿಸಿಯಾಗುತ್ತದೆ. ಬಿಡಿ ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಉಳಿದ ದುಡ್ಡಿಗೆ ಇನ್ನೊಂದು ಚಿಕ್ಕ ಟಾರ್ಚ್ ತಗೊಳ್ಳಿ. ರಾತ್ರಿ ಡೈವ್‌ಗೆ ಎರಡು ಬೇಕೇ ಬೇಕು.