ಗೂಗಲ್ ಅರ್ಥ್‌ನಂಥ ವರ್ಚುವಲ್ ಭೂಗೋಳದಲ್ಲಿ ಕಟ್ಟಡಗಳು ಇಷ್ಟು ನೈಜವಾಗಿ ಕಾಣಲು ಕಾರಣವೇನು?

2005ರಲ್ಲಿ ಗೂಗಲ್ ಅರ್ಥ್ ಬಂದಾಗ ನಾವು ನೋಡುತ್ತಿದ್ದುದು ಹೆಚ್ಚಾಗಿ ಗೋಳದ ಮೇಲೆ ಹೊದಿಸಿದ ಚಪ್ಪಟೆ ಚಿತ್ರ. 3ಡಿ ಕಟ್ಟಡಗಳನ್ನು ಜನ ಒಂದೊಂದಾಗಿ ಕೈಯಿಂದ ರೂಪಿಸುತ್ತಿದ್ದರು. 2012ರ ಹೊತ್ತಿಗೆ ಈ ವಿಧಾನವೇ ಬದಲಾಯಿತು. ವಿಮಾನ ಊರಿನ ಮೇಲೆ ಹಾರುತ್ತಾ ನೇರವಾಗಿಯೂ ಓರೆಯಾಗಿಯೂ ಫೋಟೋ ತೆಗೆಯುತ್ತದೆ. ಒಂದೇ ಕಿಟಕಿಯ ಮೂಲೆ ಹಲವು ಫೋಟೋಗಳಲ್ಲಿ ಸಿಕ್ಕಿದರೆ ಅದು ಎಲ್ಲಿ, ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಅಂಥ ಅಸಂಖ್ಯ ಬಿಂದುಗಳನ್ನು ತ್ರಿಕೋನಗಳಾಗಿ ಹೆಣೆದು, ಮೇಲೆ ಅದೇ ಫೋಟೋಗಳನ್ನು ಅಂಟಿಸುತ್ತಾರೆ. ತೀರಾ ಹತ್ತಿರ ಹೋಗಿ ನೋಡಿ: ಮರಗಳು ಕರಗಿದ ಮೇಣದ ಮುದ್ದೆಯಂತಿರುತ್ತವೆ, ಸೇತುವೆಯ ಅಡಿಭಾಗ ಮುಚ್ಚಿಹೋಗಿರುತ್ತದೆ. ಕ್ಯಾಮೆರಾಗೆ ಕಾಣದ್ದನ್ನು ಲೆಕ್ಕವೂ ಕಾಣದು.

ಇಷ್ಟು ಭಾರದ ದತ್ತಾಂಶ ಬ್ರೌಸರ್‌ನಲ್ಲಿ ತೆರೆಯುವುದು ಹೇಗೆ? ನನ್ನ ಮಟ್ಟಿಗೆ ನಿಜವಾದ ಪ್ರಗತಿ ಇಲ್ಲೇ ಇದೆ. 3ಡಿ ಭೂಗೋಳದ ತಂತ್ರಾಂಶ ತಯಾರಿಸುವ ಸೀಸಿಯಂ ತಂಡ ರೂಪಿಸಿದ '3ಡಿ ಟೈಲ್ಸ್' ವಿಧಾನದಲ್ಲಿ ಭೂಮಿಯನ್ನು ತುಂಡುತುಂಡಾಗಿ ಇಟ್ಟಿರುತ್ತಾರೆ. ದೂರದ್ದು ಒರಟಾಗಿ, ಹತ್ತಿರದ್ದು ನಯವಾಗಿ, ನಿಮ್ಮ ಕಣ್ಣಿಗೆ ಬೀಳುವಷ್ಟು ಮಾತ್ರ ಇಳಿಯುತ್ತದೆ. 2019ರಲ್ಲಿ ಇದು ಮುಕ್ತ ಮಾನದಂಡವಾಯಿತು. 2023ರಲ್ಲಿ ಗೂಗಲ್ ತನ್ನ ನಗರ ಮಾದರಿಗಳನ್ನೂ ಇದೇ ರೂಪದಲ್ಲಿ ಡೆವಲಪರ್‌ಗಳಿಗೆ ಕೊಟ್ಟಿತು.

ಸಮತಟ್ಟು ನಕ್ಷೆಗಳಲ್ಲೂ ಸಿದ್ಧ ಚಿತ್ರದ ಬದಲು ಗೆರೆ, ಬಿಂದುಗಳ ವೆಕ್ಟರ್ ಟೈಲ್‌ಗಳೇ ಈಗ ಹೆಚ್ಚು; ಅವನ್ನು ನಿಮ್ಮ ಸಾಧನವೇ ಆಗಿಂದಾಗ ಚಿತ್ರವಾಗಿ ಬಿಡಿಸುತ್ತದೆ. ನಕ್ಷೆ ತಿರುಗಿಸಿದರೂ ಹೆಸರುಗಳು ನೆಟ್ಟಗೆ ನಿಲ್ಲುವುದು ಅದರಿಂದಲೇ.

ಒಂದು ಸಲ ವರ್ಷವರ್ಷದ ಉಪಗ್ರಹ ಚಿತ್ರಗಳನ್ನು ಸಾಲಾಗಿ ಓಡಿಸಿ ತೋರಿಸುವ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ತೆರೆದು ಮಧ್ಯ ಏಷ್ಯಾದ ಅರಲ್ ಸಮುದ್ರದ ಮೇಲೆ ನಿಲ್ಲಿ. 1984ರಿಂದ ಮುಂದಕ್ಕೆ, ವರ್ಷವರ್ಷಕ್ಕೂ ನೀರು ಹಿಂದೆ ಸರಿಯುವುದು ಕಾಣುತ್ತದೆ.